ಯಾವ ಸಾಬು?

2025ರ ಡಿಸೆಂಬರು 2ನೆಯ ತಾರೀಖು, ಮಂಗಳವಾರ. ಕಾಲೇಜಿನಿಂದ ಹಿಂದಿರುಗಿ ಹಲಸೂರು ಕೆರೆಯ ಬಳಿ ಬಸ್ಸಿನಿಂದಿಳಿದು ಮನೆಯ ಕಡೆಗೆ ನಡೆಯುತ್ತಿದ್ದೆ. ನಮ್ಮ ಬೀದಿಯ ತಿರುವಿನಲ್ಲಿ ತಾತನವರು ಎಂದಿನಂತೆ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ವಯಸ್ಸು ತೊಂಬತ್ತೊಂದು. ವಿಮಾನ ಕಾರ್ಖಾನೆಯಲ್ಲಿ ಫಿಟ್ಟರಾಗಿ ಸೇರಿ ಫೋರ್‌ಮನ್ ಆಗಿ ನಿವೃತ್ತರಾದವರು. ಮನೆಯ ಮಾತು ತಮಿಳು, ಬೀದಿಯ ಮಾತು ಕನ್ನಡ, ಕೋಪ ಬಂದಾಗ ಇಂಗ್ಲಿಷು. ದಂಡಿನ ಹಳೆಯ ಮಂದಿಯೆಲ್ಲ ಹೆಚ್ಚುಕಡಿಮೆ ಹೀಗೆಯೇ.

“ಮೇಷ್ಟ್ರೇ, ಆರು ಗಂಟೆಗೆ ಬಂದುಬಿಡಿ. ಇವತ್ತು ಸಾಬು ಸತ್ತ ದಿನ” ಎಂದರು.

ನನಗೆ ಎದೆ ಧಸಕ್ಕೆಂದಿತು. “ಅಯ್ಯೋ, ಯಾವ ಸಾಬು ತಾತ? ಮೂಲೆಯ ಸೈಕಲ್ ಅಂಗಡಿಯವರೇ? ಬೆಳಿಗ್ಗೆ ನೋಡಿದಾಗ ಚೆನ್ನಾಗಿಯೇ ಇದ್ದರಲ್ಲ!”

ತಾತನವರು ನನ್ನನ್ನು ಒಂದು ಕ್ಷಣ ದಿಟ್ಟಿಸಿದರು. ಪರೀಕ್ಷೆಯಲ್ಲಿ ಪಂಪನ ಕಾಲ ಕೇಳಿದರೆ ತಲೆ ಕೆರೆದುಕೊಳ್ಳುವ ವಿದ್ಯಾರ್ಥಿಯನ್ನು ನಾನು ನೋಡುವ ನೋಟವೇ ಅದು. “ಎಮ್.ಎ. ಓದಿದ್ದೀರಿ. ಯಾವ ಸಾಬು ಅಂತೀರಿ. ಕಾರಾಪುರದ ಸಾಬು. ಆನೆಯ ಹುಡುಗ. ಸತ್ತು ಅರವತ್ತೆರಡು ವರ್ಷ ಆಯ್ತು” ಎಂದರು.

ಆರು ಗಂಟೆಗೆ ಹೋದೆ. ಹೋಗದೆ ಇರುವ ಧೈರ್ಯವಿರಲಿಲ್ಲ.

ನಡುಮನೆಯಲ್ಲಿ ಇನ್ನಿಬ್ಬರಿದ್ದರು. ಒಬ್ಬರು ಶಿವಾಜಿನಗರದಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವ ಕಸುಬಿನಲ್ಲಿ ಐವತ್ತು ವರ್ಷ ಕಳೆದ ಹಿರಿಯರು. ಅವರನ್ನು ತಾತನವರು ‘ಭಾಯ್’ ಎನ್ನುತ್ತಾರೆ, ಅವರು ತಾತನವರನ್ನು ‘ಅಣ್ಣ’ ಎನ್ನುತ್ತಾರೆ. ಇನ್ನೊಬ್ಬರು ಕಾಕ್ಸ್‌ಟೌನಿನ ಆಂಗ್ಲೋ-ಇಂಡಿಯನ್ ಮಹಿಳೆ, ಶಾಲೆಯ ಉಪಾಧ್ಯಾಯಿನಿಯಾಗಿದ್ದವರು. ಮೊಮ್ಮಕ್ಕಳ ವಯಸ್ಸಿನವರಿಗೂ ಅವರು ‘ಮಿಸ್’. ಒಂದು ಕಾಲಕ್ಕೆ ಈ ದಿನದಂದು ಒಂಬತ್ತು ಜನ ಸೇರುತ್ತಿದ್ದರಂತೆ. ಈಗ ಉಳಿದವರು ಮೂವರು. ಪೂಜೆಯಿಲ್ಲ, ಭಾಷಣವಿಲ್ಲ, ಪಟಕ್ಕೆ ಹಾರವೂ ಇಲ್ಲ. ಟೀ, ಬಿಸಿ ಬೋಂಡ, ಮತ್ತು ತಾತನವರ ಮೊಮ್ಮಗಳ ಕಂಪ್ಯೂಟರಿನಲ್ಲಿ ಸಾಬುವಿನ ಯಾವುದಾದರೂ ಒಂದು ಚಿತ್ರ. ಇಷ್ಟೇ ಆ ಸಮಾರಂಭ.

ವಾಚಕರಲ್ಲಿಯೂ ನನ್ನಂಥವರು ಇರಬಹುದಾದ್ದರಿಂದ, ಆ ಸಂಜೆ ಕೇಳಿದ್ದನ್ನೂ ಆಮೇಲೆ ನಾಚಿಕೆಯಿಂದ ಓದಿ ತಿಳಿದದ್ದನ್ನೂ ಕೂಡಿಸಿ ಹೇಳುತ್ತೇನೆ.

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ಬಾಲ್ಯದಲ್ಲಿಯೇ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡ ಹುಡುಗನಿಗೆ ಅರಮನೆಯ ಆನೆಲಾಯವೇ ಮನೆಯಾಯಿತು. ಅಣ್ಣನೊಬ್ಬನಿದ್ದ, ದಸ್ತಗೀರ್ ಎಂದು. ಮುಂದೆ ಪರದೇಶದಲ್ಲಿ ಕಾಗದಪತ್ರಗಳ ಗೊಂದಲದಲ್ಲಿ ಅಣ್ಣನ ಹೆಸರೇ ತಮ್ಮನ ಮನೆತನದ ಹೆಸರಾಗಿ ಅಂಟಿಕೊಂಡು ‘ಸಾಬು ದಸ್ತಗೀರ್’ ಎಂದಾಯಿತು. ಬೆಳ್ಳಿತೆರೆಯ ಮೇಲೆ ಮಾತ್ರ ಮೊದಲಿನಿಂದ ಕೊನೆಯವರೆಗೆ ಒಂದೇ ಮಾತು: ಸಾಬು.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ಚಿತ್ರಕಾರ ಮೈಸೂರಿಗೆ ಬಂದಿಳಿದ. ಹಿಮಪ್ರದೇಶದ ಎಸ್ಕಿಮೋ ಜನರ ಬಾಳನ್ನು ಕುರಿತ ಚಿತ್ರದಿಂದ 1922ರಲ್ಲಿಯೇ ಲೋಕಪ್ರಸಿದ್ಧನಾಗಿದ್ದವನು. ಲಂಡನ್ನಿನಲ್ಲಿ ಚಿತ್ರಸಂಸ್ಥೆ ನಡೆಸುತ್ತಿದ್ದ ಅಲೆಕ್ಸಾಂಡರ್ ಕೋರ್ಡಾ ಅವನನ್ನು ಕಳುಹಿಸಿದ್ದು ಕಿಪ್ಲಿಂಗನ ‘ಆನೆಗಳ ಟೂಮೈ’ ಎಂಬ ಕಥೆಯನ್ನು ಚಿತ್ರವಾಗಿಸುವುದಕ್ಕೆ. ನಾಲ್ವಡಿ ಕೃಷ್ಣರಾಜ ಒಡೆಯರು ಆನೆಗಳನ್ನೂ ಕಾಡನ್ನೂ ಉದಾರವಾಗಿ ಬಿಟ್ಟುಕೊಟ್ಟರು. ಮೈಸೂರಿನ ಚಿತ್ತರಂಜನ ಮಹಲು ಚಿತ್ರತಂಡದ ಬಿಡಾರವಾಯಿತು. ಕಥೆಯ ‘ಕಾಲಾ ನಾಗ’ನ ಪಾತ್ರಕ್ಕೆ ಅರಮನೆಯ ಐರಾವತವೇ ದೊರೆಯಿತು. ಹುಡುಗ ಮಾತ್ರ ಸಿಕ್ಕಿರಲಿಲ್ಲ. ಅವನನ್ನು ಮಾವುತರ ನಡುವೆ ಗುರುತಿಸಿದವನು ತಂಡದ ಛಾಯಾಗ್ರಾಹಕ ಆಸ್ಮಂಡ್ ಬೊರಾಡೇಲ್. ಹನ್ನೊಂದರ ಬಾಲಕ, ಅಗಲ ನಗೆ, ಕಣ್ಣಿನಲ್ಲಿ ಅಂಜಿಕೆಯೆಂಬುದಿಲ್ಲ. ಸೊಂಡಿಲಿನ ಮೇಲೆ ಕಾಲಿಟ್ಟು ಆನೆಯ ಕತ್ತನ್ನೇರುವುದು ಅವನಿಗೆ ನಮಗೆ ಜಗಲಿ ಹತ್ತಿದಷ್ಟೇ ಸಲೀಸು.

ಫ್ಲಾಹರ್ಟಿಗೆ ಕಾಡು ಮುಖ್ಯ, ಕಥೆ ಗೌಣ. ತಿಂಗಳುಗಟ್ಟಲೆ ಅಪಾರವಾದ ಚಿತ್ರಸುರುಳಿಯನ್ನು ತೆಗೆದ. ಖೆಡ್ಡಾದ ದೃಶ್ಯವೂ ಅದರಲ್ಲಿ ಸೇರಿತು. ಲಂಡನ್ನಿನಲ್ಲಿ ಹಣ ಹಾಕಿದವರಿಗೆ ಕಳವಳ ಹುಟ್ಟಿತು. ಕೊನೆಗೆ ಸಾಬು ಮತ್ತು ಅವನಣ್ಣನನ್ನು ಇಂಗ್ಲೆಂಡಿಗೆ ಕರೆಸಿಕೊಂಡು, ಡೆನ್ಹಮ್ ಸ್ಟುಡಿಯೋದಲ್ಲಿ ಅಲೆಕ್ಸಾಂಡರನ ತಮ್ಮ ಝೋಲ್ಟನ್ ಕೋರ್ಡಾ ಕಥೆಯ ಭಾಗಗಳನ್ನು ಹೊಸದಾಗಿ ಚಿತ್ರಿಸಿದ. ರಾತ್ರಿಯ ಕಾಡಿನಲ್ಲಿ ಆನೆಗಳು ಕುಣಿಯುವ ಪ್ರಸಿದ್ಧ ದೃಶ್ಯದಲ್ಲಿ ಇಂಗ್ಲೆಂಡಿನಲ್ಲಿ ತಯಾರಿಸಿದ ಕೃತಕ ಆನೆಕಾಲುಗಳೂ ಇವೆ! ಚಿತ್ರ ನೋಡಿದರೆ ಹೊಲಿಗೆ ಎಲ್ಲಿ ಬಿದ್ದಿದೆ ಎಂಬುದು ತಿಳಿಯುತ್ತದೆ. ಆದರೂ ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಕಂಡು ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿಯನ್ನು ಗಳಿಸಿತು. ಆ ಹೊಲಿಗೆಯ ಮೇಲೆ ಸಲೀಸಾಗಿ ಓಡಾಡುವವನು ಸಾಬು ಒಬ್ಬನೇ. ಮೈಸೂರಿನ ಬಿಸಿಲಿನಲ್ಲಿ ಹೇಗಿದ್ದನೋ ಡೆನ್ಹಮ್ಮಿನ ದೀಪದಲ್ಲಿಯೂ ಹಾಗೆಯೇ ಇದ್ದಾನೆ.

ಮೂವತ್ತೊಂಬತ್ತರಲ್ಲಿ ತೀರಿಹೋದವನನ್ನು ಈ ತೊಂಬತ್ತರ ಆಸುಪಾಸಿನವರು ಸಲುಗೆಯಿಂದ ‘ಅವನು’ ಎನ್ನುತ್ತಾರೆ. ನಾನೂ ಹಾಗೆಯೇ ಬರೆಯುತ್ತಿದ್ದೇನೆ. ವಾಚಕರು ಅಗೌರವವೆಂದು ಭಾವಿಸಬಾರದು.

ಬೆಂಗಳೂರಿನ ದಂಡು ಆಗ ಮೈಸೂರಿನೊಳಗಿದ್ದೂ ಮೈಸೂರಿನದಲ್ಲ. 1809ರಲ್ಲಿ ಇಲ್ಲಿ ದಂಡು ಬೀಡುಬಿಟ್ಟ ಮೇಲೆ ಅದು ಬೇರೆಯೇ ಊರಾಗಿ ಬೆಳೆಯಿತು. ಬ್ರಿಟಿಷ್ ರೆಸಿಡೆಂಟನ ಅಧಿಕಾರ ಮುಗಿದು ಅದು ಮೈಸೂರಿಗೆ ಮರಳಿದ್ದು 1947ರಲ್ಲಿ. ಪೇಟೆಯೊಂದಿಗೆ ಒಂದೇ ಕಾರ್ಪೊರೇಷನ್ನಿಗೆ ಸೇರಿದ್ದು 1949ರಲ್ಲಿ. ಪೇಟೆಯವರು ನಾಟಕಕ್ಕೂ ಹರಿಕಥೆಗೂ ಹೋಗುತ್ತಿದ್ದ ಕಾಲಕ್ಕೆ ದಂಡಿನ ಹುಡುಗರಿಗೆ ಇಂಗ್ಲಿಷ್ ಬಯಸ್ಕೋಪಿನ ಹುಚ್ಚು. ಸೌತ್ ಪೆರೇಡ್ ಎಂದು ಕರೆಯುತ್ತಿದ್ದ ಇಂದಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಪ್ಲಾಜಾ, ಬ್ರಿಗೇಡ್ ರಸ್ತೆಯಲ್ಲಿ ರೆಕ್ಸ್, ಅದರ ಕೊನೆಯಲ್ಲಿ ಆಪೆರಾ ಹೌಸ್, ಕಬ್ಬನ್ ರಸ್ತೆಯ ಕಡೆ ಬಿ.ಆರ್.ವಿ., ಶಿವಾಜಿನಗರದಲ್ಲಿ ಎಲ್ಗಿನ್. ಬಾಲ್ಕನಿಯಲ್ಲಿ ಸೋಲ್ಜರುಗಳು ಮತ್ತವರ ಮೇಡಮ್ಮುಗಳು. ಪರದೆಗೆ ಮೂಗು ತಾಗುವಷ್ಟು ಮುಂದೆ, ಬೆನ್ನಿಲ್ಲದ ಬೆಂಚುಗಳ ಮೇಲೆ ನಮ್ಮ ತಾತನವರಂಥವರು.

‘ಜಂಗಲ್ ಬುಕ್’ ಚಿತ್ರವನ್ನು ಮೊದಲು ಎಲ್ಲಿ ನೋಡಿದ್ದು ಎಂಬ ವಿಷಯದಲ್ಲಿ ಈ ಮೂವರಿಗೂ ಒಮ್ಮತವಿಲ್ಲ. ತಾತನವರು ಪ್ಲಾಜಾ ಎನ್ನುತ್ತಾರೆ. ಭಾಯ್ ಬಿ.ಆರ್.ವಿ. ಎಂದು ಆಣೆಯಿಡುತ್ತಾರೆ. ಮಿಸ್ ಅವರಿಗೆ ಅದು ಆಪೆರಾ ಹೌಸಿನಲ್ಲೇ ಎಂಬುದರಲ್ಲಿ ಸಂಶಯವಿಲ್ಲ. ಅಂದು ತಾವು ತೊಟ್ಟಿದ್ದ ಉಡುಪಿನ ಬಣ್ಣ ಕೂಡ ಅವರಿಗೆ ನೆನಪಿದೆ. ಈ ಜಗಳ ಪ್ರತಿವರ್ಷವೂ ಆಗುತ್ತದೆ; ತೀರ್ಮಾನವಾಗುವುದು ಯಾರಿಗೂ ಬೇಕಿಲ್ಲ. ಸಾಕ್ಷಿ ಹೇಳಲು ಆ ಕಟ್ಟಡಗಳೂ ಹಿಂದಿನಂತಿಲ್ಲ. ಪ್ಲಾಜಾ ನೆಲಸಮವಾಗಿ ಆ ಎಡೆಯಲ್ಲಿ ಈಗ ಮೆಟ್ರೋ ರೈಲಿನ ಸಡಗರ. ಬಿ.ಆರ್.ವಿ. ಸೈನಿಕರ ಕ್ಯಾಂಟೀನಾಯಿತು. ಆಪೆರಾ ಹೌಸು 2018ರಲ್ಲಿ ಮೊಬೈಲ್ ಫೋನುಗಳ ಮಳಿಗೆಯಾಯಿತು. ಅದೇ ವರ್ಷದ ಕೊನೆಯ ದಿನ ರೆಕ್ಸ್ ಕೂಡ ಬಾಗಿಲು ಹಾಕಿತು.

“ಒಂದು ಮಾತು ಕೇಳಿ ಮೇಷ್ಟ್ರೇ” ಎಂದರು ತಾತನವರು. “ನಾವು ನೋಡುತ್ತಿದ್ದ ಇಂಗ್ಲಿಷ್ ಪಿಕ್ಚರಿನಲ್ಲಿ ನಮ್ಮ ಬಣ್ಣದವರು ಬಂದರೆ ಟ್ರೇ ಹಿಡಿದುಕೊಂಡು ಬರುತ್ತಿದ್ದರು, ಇಲ್ಲದಿದ್ದರೆ ಗುಂಡು ತಿಂದು ಬೀಳುತ್ತಿದ್ದರು. ಇವನೊಬ್ಬ ಬಂದ. ಹೆಸರು ಎಲ್ಲರಿಗಿಂತ ಮೇಲೆ. ಸಾಬು ಅಂತ ಪರದೆ ತುಂಬ ಬರುತ್ತಿತ್ತು. ಬಾಲ್ಕನಿಯಲ್ಲಿ ಕೂತ ಸೋಲ್ಜರ್ ಕೂಡ ಅವನಿಗಾಗಿ ಚಪ್ಪಾಳೆ ಹೊಡೆಯುತ್ತಿದ್ದ. ನಾವು ಬರಿಗಾಲಲ್ಲಿದ್ದೆವು. ಅವನೂ ಬರಿಗಾಲಲ್ಲೇ ಇದ್ದ.”

ನಾನು ಬರೆದುಕೊಳ್ಳುತ್ತಿದ್ದುದನ್ನು ನೋಡಿ ಅವರು ಸುಮ್ಮನಾದರು. ಪುಸ್ತಕ ಮುಚ್ಚಿದ ಮೇಲೆ ಮತ್ತೆ ಮಾತು ಮುಂದುವರಿಯಿತು.

ಆ ಬರಿಗಾಲಿನ ವಿಷಯದಲ್ಲಿ ನನ್ನದೊಂದು ತಕರಾರನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸಾಬುವಿಗೆ ದೊರೆತ ಪಾತ್ರಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ, ಅವನು ಬೆಳೆದರೂ ಅವನ ಉಡುಪು ಬೆಳೆಯಲಿಲ್ಲ. ಎರಡನೆಯ ಚಿತ್ರ ‘ದಿ ಡ್ರಮ್’ (1938). ಗಡಿನಾಡಿನಲ್ಲಿ ಬ್ರಿಟಿಷರಿಗೆ ನೆರವಾಗುವ ರಾಜಕುಮಾರ. ಸಾಮ್ರಾಜ್ಯದ ಗುಣಗಾನವೇ ಅದರ ಜೀವ. ಮುಂಬಯಿಯಲ್ಲಿಯೂ ಮದರಾಸಿನಲ್ಲಿಯೂ ಜನ ಅದರ ವಿರುದ್ಧ ಬೀದಿಗಿಳಿದರು, ಪ್ರದರ್ಶನ ನಿಂತಿತು. ಸರಿಯಾಗಿಯೇ ಮಾಡಿದರು. ಹದಿನಾಲ್ಕು ವರ್ಷದ ಹುಡುಗನಿಗೆ ತಾನೇನು ಮಾಡುತ್ತಿದ್ದೇನೆಂಬುದು ತಿಳಿದಿರಲು ಸಾಧ್ಯವಿರಲಿಲ್ಲ ಎಂಬುದೂ ಅಷ್ಟೇ ಸರಿ. ಆಮೇಲೆ ಮೌಗ್ಲಿ, ಆಮೇಲೆ ಯೂನಿವರ್ಸಲ್ ಸ್ಟುಡಿಯೋದವರು ಮಾರಿಯಾ ಮಾಂಟೆಜ್ ಮತ್ತು ಜಾನ್ ಹಾಲ್ ಜೋಡಿಯ ಬೆನ್ನಿಗೆ ಕಟ್ಟಿದ ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’. ಇವುಗಳನ್ನು ಕುರಿತು ಹೆಚ್ಚು ಹೇಳುವ ಅಗತ್ಯವಿಲ್ಲ. ಬಣ್ಣವಿದೆ, ಹಾವಿದೆ, ನಾಯಕನ ಹಿಂದೆ ಓಡುವ ಸಾಬು ಇದ್ದಾನೆ.

ಆದರೆ ‘ದಿ ಥೀಫ್ ಆಫ್ ಬಾಗ್ದಾದ್’ (1940) ಬೇರೆ. ಆ ಸಂಜೆ ನಾವು ನೋಡಿದ್ದೂ ಅದನ್ನೇ. ಚಿತ್ರಣ ಇಂಗ್ಲೆಂಡಿನಲ್ಲಿ ಆರಂಭವಾಗಿ, ಯುದ್ಧ ಹತ್ತಿದ್ದರಿಂದ ಹಾಲಿವುಡ್ಡಿಗೆ ಸ್ಥಳಾಂತರಗೊಂಡು ಅಲ್ಲಿ ಮುಗಿಯಿತು. ಛಾಯಾಗ್ರಹಣ, ಕಲಾನಿರ್ದೇಶನ, ವಿಶೇಷ ತಂತ್ರ ಎಂದು ಮೂರು ಆಸ್ಕರ್ ಪ್ರಶಸ್ತಿಗಳು ಬಂದವು. ಸಾಬು ಅದರಲ್ಲಿ ಅಬು ಎಂಬ ಪುಟ್ಟ ಕಳ್ಳ. ಮಾಟದಿಂದ ನಾಯಿಯಾಗುತ್ತಾನೆ, ಸಮುದ್ರದ ದಂಡೆಯಲ್ಲಿ ಸಿಕ್ಕಿದ ಶೀಶೆಯಿಂದ ಬೆಟ್ಟದಂಥ ಭೂತವನ್ನು ಹೊರಬಿಟ್ಟು, ಅದು ಕೊಲ್ಲಲು ಬಂದಾಗ ‘ನೀನು ಇಷ್ಟು ಸಣ್ಣ ಶೀಶೆಯಲ್ಲಿದ್ದೆಯೆಂದು ನಂಬುವುದು ಹೇಗೆ?’ ಎಂಬ ಉಪಾಯದಿಂದ ಅದನ್ನು ಮತ್ತೆ ಒಳಕ್ಕೆ ತುಂಬುತ್ತಾನೆ. ಆಮೇಲೆ ಅದರ ಹೆಗಲೇರಿ ಆಕಾಶದಲ್ಲಿ ಹಾರುತ್ತಾನೆ. ಇಂದಿನ ಮಕ್ಕಳು ನೋಡುವ ಚಿತ್ರಗಳ ಚಮತ್ಕಾರದ ಮುಂದೆ ಇದು ಏನೇನೂ ಅಲ್ಲ. ಭೂತವನ್ನು ಹೇಗೆ ದೊಡ್ಡದು ಮಾಡಿದರೆಂದು ತಾತನವರ ಮೊಮ್ಮಗಳೇ ಬಿಡಿಸಿ ಹೇಳಿದಳು. ಆದರೂ ಸಾಬು ಶೀಶೆಯ ಬಿರಡೆ ಹಾಕಿ ನಕ್ಕಾಗ ಅವಳೂ ನಕ್ಕಳು.

ಭಾಯ್ ಅವರಿಗೆ ಅದು ಬಾಳಿನಲ್ಲಿ ನೋಡಿದ ಮೊದಲ ಬಣ್ಣದ ಚಿತ್ರ. ಹಳೆಯ ಪ್ರತಿ ಮತ್ತೆ ಓಡಿದಾಗ ಅಪ್ಪನ ಹೆಗಲಿನ ಮೇಲೆ ಕುಳಿತು ನೋಡಿದ್ದಂತೆ. “ಅಪ್ಪ ಅಂದು ಉರ್ದುವಿನಲ್ಲಿ ಪಕ್ಕದವರಿಗೆ ಹೇಳಿದ್ದು ನನಗೆ ಈಗಲೂ ಕೇಳಿಸುತ್ತೆ. ಅವನು ಮಾವುತನ ಮಗ, ನಾನು ರಟ್ಟು ಹಾಕುವವನು, ಇದು ನನ್ನ ಮಗ, ಇವನೇನಾಗುತ್ತಾನೋ ಅಲ್ಲಾಹನೇ ಬಲ್ಲ ಎಂದರು.” ಸ್ವಲ್ಪ ಹೊತ್ತು ಬಿಟ್ಟು ತಾವೇ ಸೇರಿಸಿದರು: “ನಾನೂ ರಟ್ಟೇ ಹಾಕಿದೆ.” ಅದನ್ನವರು ದುಃಖದಿಂದ ಹೇಳಲಿಲ್ಲ. ಸಾಬು ನಟಿಸಿದ ಚಿತ್ರಗಳ ಜಾಹೀರಾತುಗಳನ್ನು ಹಳೆಯ ಪತ್ರಿಕೆಗಳಿಂದ ಕತ್ತರಿಸಿ, ಕೆಂಪು ಕ್ಯಾಲಿಕೋ ಬಟ್ಟೆಯ ರಟ್ಟು ಹಾಕಿ ತಾವೇ ಕಟ್ಟಿದ ಪುಸ್ತಕವೊಂದನ್ನು ತಂದಿದ್ದರು. ಬೆನ್ನಿನ ಹೊಲಿಗೆ ಇಂದಿಗೂ ಒಂದೆಳೆ ಸಡಿಲವಾಗಿಲ್ಲ.

ಮಿಸ್ ಮಾತ್ರ ಹೊಗಳುವವರ ಪೈಕಿಯಲ್ಲ. “ಅವನು ದೊಡ್ಡ ನಟನೇನೂ ಅಲ್ಲ. ನಟಿಸುವುದನ್ನು ಕಲಿತ ಮೇಲೆ ಕೆಟ್ಟ” ಎಂದು ಖಂಡಿತವಾಗಿ ಹೇಳಿದರು. ಅವರು ಒಪ್ಪುವುದು ‘ಬ್ಲ್ಯಾಕ್ ನಾರ್ಸಿಸಸ್’ (1947) ಒಂದನ್ನೇ. ಹಿಮಾಲಯದ ಕ್ರೈಸ್ತ ಸಂನ್ಯಾಸಿನಿಯರ ಕಥೆ. ಹಿಮಾಲಯವೆಲ್ಲ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಕಟ್ಟಿ, ಬಣ್ಣ ಬಳಿದದ್ದು. ಅದರಲ್ಲಿ ಸಾಬು ಮೈತುಂಬ ರೇಷ್ಮೆ, ರತ್ನಗಳನ್ನು ತೊಟ್ಟು, ಅತ್ತರು ಪೂಸಿಕೊಂಡು ಪಾಠ ಕಲಿಯಲು ಬರುವ ಯುವ ಜನರಲ್. ನಾನು ಆಮೇಲೆ ನೋಡಿದೆ. ಮಿಸ್ ಹೇಳಿದ್ದು ನಿಜ. ಸ್ವಲ್ಪ ಹಾಸ್ಯಕ್ಕೆ ಗುರಿಯಾಗುವ, ಆದರೆ ತನ್ನ ಘನತೆಯನ್ನು ಬಿಡದ ಪಾತ್ರ ಅದು. ಇಂಥವು ಇನ್ನು ನಾಲ್ಕು ದೊರೆತಿದ್ದರೆ ಎನಿಸುತ್ತದೆ. ದೊರೆಯಲಿಲ್ಲ.

ಇನ್ನು ತಾತನವರ ವಿಷಯಕ್ಕೆ ಬರುತ್ತೇನೆ. ಅದಕ್ಕಾಗಿಯೇ ಈ ಲೇಖನ ಎಂದರೂ ತಪ್ಪಲ್ಲ.

ಸಾಬು 1944ರಲ್ಲಿ ಅಮೆರಿಕದ ಪೌರನಾದ. ಖ್ಯಾತಿಯ ತುತ್ತತುದಿಯಲ್ಲಿದ್ದಾಗ ಚಿತ್ರಗಳನ್ನು ಬಿಟ್ಟು ಅಲ್ಲಿನ ಸೇನೆಯ ವಿಮಾನದಳದಲ್ಲಿ ದುಡಿದ. ಮೆರವಣಿಗೆಯ ಸೈನಿಕನಾಗಿ ಅಲ್ಲ. ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರ್ ವಿಮಾನದ ಬಾಲದಲ್ಲಿಯೂ ಹೊಟ್ಟೆಯಡಿಯಲ್ಲಿಯೂ ಇರುವ ಗೂಡುಗಳಲ್ಲಿ ಕುಳಿತು ಮೆಷಿನ್‌ಗನ್ ಹಿಡಿಯುವ ಗನ್ನರನಾಗಿ. ಪೆಸಿಫಿಕ್ ಸಾಗರದ ಮೇಲೆ ನಾಲ್ವತ್ತಕ್ಕೂ ಮಿಕ್ಕಿ ದಾಳಿಗಳಲ್ಲಿ ಹಾರಿದ. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂದಿತು. ಬಾಲದ ಗನ್ನರನೆಂದರೆ ವಿಮಾನದಲ್ಲಿದ್ದೂ ಒಂಟಿ. ಸಂಗಾತಿಗಳಿಗೆಲ್ಲ ಬೆನ್ನು ಮಾಡಿ, ಬಂದ ದಾರಿಯನ್ನೇ ನೋಡುತ್ತ ಗಂಟೆಗಟ್ಟಲೆ ಕುಳಿತಿರಬೇಕು. ಶತ್ರುವಿಮಾನ ಹಿಂದಿನಿಂದ ಬಂದರೆ ಮೊದಲು ಕಾಣುವವನೂ ಅವನೇ, ಮೊದಲು ಗುಂಡಿಗೆ ಸಿಕ್ಕುವವನೂ ಅವನೇ.

ಲಿಬರೇಟರಿಗೂ ನಮ್ಮ ಹಲಸೂರಿನ ಪೂರ್ವದಿಕ್ಕಿಗೂ ಹಳೆಯ ನಂಟು. ವಾಲ್‌ಚಂದ್ ಹೀರಾಚಂದರು 1940ರಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನೆಯ ವಶಕ್ಕೆ ಬಂದು, ಯುದ್ಧ ಮುಗಿಯುವವರೆಗೆ ಅವರ ವಿಮಾನಗಳ ದುರಸ್ತಿಶಾಲೆಯಾಗಿತ್ತು. ಯುದ್ಧಾನಂತರ ಅಮೆರಿಕದವರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರುಗಳನ್ನು 1948ರಿಂದಾಚೆಗೆ ಇಲ್ಲಿಗೆ ಹಾರಿಸಿಕೊಂಡು ಬಂದು, ಗುಜರಿಯಿಂದ ಮತ್ತೆ ಯುದ್ಧವಿಮಾನಗಳನ್ನಾಗಿ ಮಾಡಿದವರು ನಮ್ಮ ಕಾರ್ಖಾನೆಯ ಕೆಲಸಗಾರರು. ಭಾರತದ ವಾಯುಪಡೆ ಅವನ್ನು 1968ರವರೆಗೂ ಹಾರಿಸಿತು. ಮುರುಕು ಪಾತ್ರೆಗೆ ಕಲಾಯಿ ಹಾಕಿದಷ್ಟು ಸುಲಭದ ಮಾತಲ್ಲ ಅದು. ನಮ್ಮ ಜನ ಆ ಸಾಹಸವನ್ನು ಇನ್ನೂ ಕೊಂಚ ನೆನೆಯಬಹುದಿತ್ತು.

ತಾತನವರು 1953ರಲ್ಲಿ ಕಾರ್ಖಾನೆ ಸೇರಿದಾಗ ಅವರ ಪಾಲಿಗೆ ಬಂದ ಕೆಲಸಗಳಲ್ಲಿ ರಿಪೇರಿಗೆ ಬಂದ ಲಿಬರೇಟರಿನದೂ ಒಂದು. ಹತ್ತು ವರ್ಷ ಅವುಗಳ ರೆಕ್ಕೆ, ಬಾಲ, ಹೊಟ್ಟೆಗಳನ್ನೆಲ್ಲ ಸ್ಪ್ಯಾನರು ಹಿಡಿದು ತಡವಿದರು. ಸಾಬು ಅಂಥದೇ ಒಂದರಲ್ಲಿ ಕುಳಿತು ಯುದ್ಧ ಮಾಡಿದ್ದನೆಂಬುದು ಅವರಿಗೆ ತಿಳಿದೇ ಇರಲಿಲ್ಲ. ಅವರಿಗೆ ಗೊತ್ತಿದ್ದ ಸಾಬು ಆನೆಯ ಮೇಲಿನವನು.

ಆ ನಡುವೆ ಸಾಬುವಿನ ಅದೃಷ್ಟ ಇಳಿಮುಖವಾಗಿತ್ತು. 1948ರಲ್ಲಿ ಮ್ಯಾರಿಲಿನ್ ಕೂಪರ್ ಎಂಬ ನಟಿಯನ್ನು ಮದುವೆಯಾಗಿ, ಗಂಡೊಂದು ಹೆಣ್ಣೊಂದು ಮಕ್ಕಳಾದವು. ಸಂಸಾರ ಚೆನ್ನಾಗಿತ್ತು. ಚಿತ್ರಗಳು ಮಾತ್ರ ಸಣ್ಣವಾಗುತ್ತ ಬಂದವು. ಅದೇ ಕಾಡು, ಅದೇ ಹುಲಿ, ಅದೇ ಪೇಟ. ಇಟಲಿಗೆ ಹೋಗಿ ಡಿ ಸೀಕನೊಡನೆ ಒಂದು ಚಿತ್ರ ಮಾಡಿದ. ಅದರಲ್ಲಿಯೂ ಆನೆಯೇ! ಮುಂಬಯಿಯಲ್ಲಿ ಮೆಹಬೂಬ್ ಖಾನರು ‘ಮದರ್ ಇಂಡಿಯಾ’ ತೆಗೆಯಲು ಹೊರಟಾಗ ಬಿರ್ಜುವಿನ ಪಾತ್ರಕ್ಕೆ ಮೊದಲು ಆರಿಸಿದ್ದು ಸಾಬುವನ್ನು ಎಂದು ಚಿತ್ರರಂಗದ ಇತಿಹಾಸ ಬರೆದವರು ಹೇಳುತ್ತಾರೆ. ಅಮೆರಿಕದ ಪೌರನಾಗಿದ್ದವನಿಗೆ ಇಲ್ಲಿ ದುಡಿಯುವ ಪರವಾನಗಿ ದೊರೆಯಲಿಲ್ಲ. ಪಾತ್ರ ಸುನಿಲ್ ದತ್ತರಿಗೆ ಹೋಯಿತು. 1957ರಲ್ಲಿ ಆ ಚಿತ್ರ ತೆರೆಕಂಡು ಮನೆಮಾತಾದುದು ಎಲ್ಲರಿಗೂ ಗೊತ್ತು. ಹಾಲಿವುಡ್ಡು ಅವನಿಗೆ ಪೇಟ ಬಿಟ್ಟು ಬೇರೇನೂ ತೊಡಿಸಲಿಲ್ಲವೆಂದು ನಾವು ದೂರುವಾಗ, ಹುಟ್ಟಿದ ನಾಡು ಅವನನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಿದ್ದನ್ನೂ ಸೇರಿಸಿಕೊಂಡೇ ದೂರಬೇಕು. 1960ರಲ್ಲಿ ಹಾಲಿವುಡ್ಡಿನ ಬೀದಿಯಲ್ಲಿ ಅವನ ಹೆಸರಿನ ನಕ್ಷತ್ರವನ್ನು ಕೂರಿಸಿದರು. ಅದೇ ವರ್ಷ ಅಣ್ಣ ದಸ್ತಗೀರ್ ಕೊಲೆಯಾದ.

1963ರ ಡಿಸೆಂಬರು 2ರಂದು, ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನ ತನ್ನ ಮನೆಯಲ್ಲಿ ಹೃದಯಾಘಾತದಿಂದ ಸಾಬು ಸತ್ತ. ಕೊನೆಯ ಚಿತ್ರ ತೆರೆಗೆ ಬಂದದ್ದು ಮರುವರ್ಷ. ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆಯಾಗಿ ಹತ್ತು ದಿನವಾಗಿತ್ತಷ್ಟೆ. ಪತ್ರಿಕೆಗಳ ತುಂಬ ಅದೇ ಸುದ್ದಿ. ಅದರ ನಡುವೆ ಎರಡು ಬೆರಳಗಲದ ಈ ಸುದ್ದಿಯನ್ನು ಕಂಡವರೆಷ್ಟು ಮಂದಿಯೋ! ತಾತನವರು ಕಂಡದ್ದು ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಯಾರೋ ಪೂರಿ ಸುತ್ತಿ ತಂದಿದ್ದ ಎರಡು ದಿನ ಹಳೆಯ ಕಾಗದದಲ್ಲಿ.

ಆ ತುಂಡನ್ನು ಅವರು ನನಗೆ ತೋರಿಸಿದರು. ಔಷಧದ ತಗಡಿನ ಡಬ್ಬಿಯಲ್ಲಿ ಮಡಿಸಿಟ್ಟಿದ್ದರು. ಎಣ್ಣೆಯ ಕಲೆ ಹಳದಿಯಾಗಿ ಅಕ್ಷರಗಳನ್ನೆಲ್ಲ ನುಂಗಿದೆ. ಓದಲು ಬರುವುದು ಮೊದಲ ನಾಲ್ಕು ಸಾಲು. ಉಳಿದದ್ದು ಅವರಿಗೆ ಬಾಯಿಪಾಠ.

“ಅದರಲ್ಲಿ ಬರೆದಿತ್ತು, ಲಿಬರೇಟರ್ ಟೇಲ್ ಗನ್ನರ್ ಅಂತ. ನಾನು ಎರಡು ಸಲ ಓದಿದೆ. ಆವತ್ತು ಹ್ಯಾಂಗರಿನಲ್ಲಿ ಒಂದು ಲಿಬರೇಟರ್ ನಿಂತಿತ್ತು. ಬೆಳಿಗ್ಗೆಯೆಲ್ಲ ಅದರ ಕೆಳಗೇ ಮಲಗಿ ಕೆಲಸ ಮಾಡಿದ್ದೆ. ಊಟದ ಬೆಲ್ ಆದ ಮೇಲೆ ಯಾರೂ ಇರಲಿಲ್ಲ. ಹತ್ತಿದೆ. ಬಗ್ಗಿಕೊಂಡು ಬಾಲದ ತನಕ ಹೋದೆ. ಆ ಗೂಡಿನಲ್ಲಿ ಕೂತೆ.”

“ಹತ್ತು ವರ್ಷ ಅದರ ನಟ್ ಬಿಗಿದಿದ್ದೆ ಮೇಷ್ಟ್ರೇ, ಒಂದು ದಿನವೂ ಕೂತಿರಲಿಲ್ಲ. ಕಾಲು ಚಾಚಲು ಜಾಗ ಇಲ್ಲ. ನಾನು ಅವನಿಗಿಂತ ಉದ್ದ ಇರಲಿಲ್ಲ ಅಂತ ಕಾಣುತ್ತೆ. ಸುತ್ತ ಗಾಜು. ಹಿಂದೆ ಯಾರಿದ್ದಾರೆ ಅಂತ ಕಾಣುವುದಿಲ್ಲ. ಅಲ್ಲಿ ಕೂತು ಅವನು ಏನು ಯೋಚನೆ ಮಾಡುತ್ತಿದ್ದನೋ. ಆನೆ ನೆನಪಾಗುತ್ತಿತ್ತೋ ಏನೋ. ಬೆಲ್ ಆ‌ಗುವ ತನಕ ಕೂತಿದ್ದೆ.”

“ಅತ್ತೆಯಾ ಅಣ್ಣ?” ಎಂದು ಭಾಯ್ ಕೇಳಿದರು. ಪ್ರತಿವರ್ಷವೂ ಇದೇ ಪ್ರಶ್ನೆ ಇರಬೇಕು, ಏಕೆಂದರೆ ಉತ್ತರ ಸಿದ್ಧವಾಗಿತ್ತು.

“ಇಲ್ಲಪ್ಪ. ಊಟ ತಪ್ಪಿಹೋಯಿತಲ್ಲ ಅಂತ ಸಿಟ್ಟು ಬಂತು.”

ಮಿಸ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಮರುದಿನ ಕಾಲೇಜಿನಲ್ಲಿ ಪಾಠ ಬೇಗ ಮುಗಿದಿತ್ತು. ಅರವತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ಸಾಬುವಿನ ಹೆಸರು ಕೇಳಿದವರು ಯಾರಾದರೂ ಇದ್ದಾರೆಯೇ ಎಂದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ನಿನ್ನೆಯವರೆಗೆ ನಾನೂ ಅವರಲ್ಲೊಬ್ಬನಾಗಿದ್ದೆನಾದ್ದರಿಂದ ಬಯ್ಯುವ ಹಕ್ಕು ನನಗಿರಲಿಲ್ಲ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕಾರಾಪುರ ತನಗೆ ಗೊತ್ತು ಎಂದಳು. ಅವಳ ತಾಯಿಯ ತವರು ಅದೇ ತಾಲ್ಲೂಕಿನಲ್ಲಿದೆ. ಅಲ್ಲಿ ಮಹಾರಾಜರ ಬೇಟೆಯ ಬಂಗಲೆಯಲ್ಲಿ ಈಗ ಪ್ರವಾಸಿಗಳ ವಸತಿ ಇದೆ, ಜನ ಜೀಪಿನಲ್ಲಿ ಆನೆ ನೋಡಲು ಬರುತ್ತಾರೆ ಎಂದಳು. ಕಬಿನಿಗೆ ಅಣೆಕಟ್ಟು 1974ರಲ್ಲಿ ಮುಗಿದಾಗ ಖೆಡ್ಡಾ ನಡೆಯುತ್ತಿದ್ದ ಕಾಡಿನ ಬಹುಭಾಗ ನೀರಿನಡಿಗೆ ಹೋಯಿತು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಸಾಬು ಓಡಾಡಿದ ಆ ಕಾಡನ್ನು ಈಗ ನೋಡಬೇಕೆಂದರೆ ಫ್ಲಾಹರ್ಟಿಯ ಸುರುಳಿಯಲ್ಲಿ ನೋಡಬೇಕು. ಆ ಹುಡುಗಿ ‘ಎಲಿಫೆಂಟ್ ಬಾಯ್’ ಎಂದು ಕೈಯ ಮೇಲೆ ಬರೆದುಕೊಂಡಳು. ನೋಡಿದಳೋ ಇಲ್ಲವೋ ಇನ್ನೂ ಕೇಳಿಲ್ಲ.

ಆ ಸಂಜೆಯ ಚಿತ್ರದ ಕೊನೆಯನ್ನು ಹೇಳದೆ ಬಿಟ್ಟೆ. ದುಷ್ಟ ಮಂತ್ರಿ ಸತ್ತು, ಬಾಗ್ದಾದಿಗೆ ಒಳ್ಳೆಯ ಕಾಲ ಬಂದು, ಅರಸ ಮತ್ತು ಅರಸಿ ಮಹಡಿಯ ಮೇಲೆ ನಿಂತು ಪ್ರಜೆಗಳಿಗೆ ಮಾತಾಡುತ್ತಿದ್ದಾರೆ. ಪಕ್ಕದಲ್ಲಿ ಅಬು, ಹೊಸ ಉಡುಪಿನಲ್ಲಿ. ಈ ಹುಡುಗನನ್ನು ಪಾಠಶಾಲೆಗೆ ಕಳುಹಿಸಿ, ವಿದ್ಯೆ ಕಲಿಸಿ, ಮುಂದೆ ನನ್ನ ಮಂತ್ರಿಯನ್ನಾಗಿ ಮಾಡಿಕೊಳ್ಳುತ್ತೇನೆ ಎಂದು ಅರಸ ಸಾರುತ್ತಾನೆ. ಪಾಠಶಾಲೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಬುವಿನ ಮುಖ ಬಾಡುತ್ತದೆ. ಮೆಲ್ಲಗೆ ಹಿಂದೆ ಸರಿದು, ಹಾರುವ ಜಮಖಾನೆಯ ಮೇಲೆ ನಿಂತು ಪರಾರಿಯಾಗುತ್ತಾನೆ.

ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿ ನಕ್ಕರು. ತಾತನವರು ಕೆಮ್ಮುವಷ್ಟು ನಕ್ಕರು. “ನೋಡಿದಿರಾ ಮೇಷ್ಟ್ರೇ, ನಿಮ್ಮ ಕೈಗೆ ಸಿಕ್ಕಲಿಲ್ಲ!”

ಎಂಟು ಗಂಟೆಗೆ ಭಾಯ್ ಅವರಿಗೆ ಆಟೋ ಬಂತು. ಮಿಸ್ ಕೂಡ ಅದರಲ್ಲೇ ಕಾಕ್ಸ್‌ಟೌನಿನವರೆಗೆ ಹೋಗುವುದೆಂದಾಯಿತು. ದಾರಿ ಸುತ್ತು, ಆದರೂ ಭಾಯ್ ಕೇಳಲಿಲ್ಲ. ಕೆಂಪು ರಟ್ಟಿನ ಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳುತ್ತ, ಮುಂದಿನ ವರ್ಷ ಯಾವ ಚಿತ್ರ ಎಂದು ಅವರೇ ವಿಚಾರಿಸಿದರು. ಎಂದೂ ನೋಡದ ‘ದಿ ಡ್ರಮ್’ ಒಂದನ್ನು ನೋಡಿಬಿಡೋಣವೇ ಎಂದು ತಾತನವರ ಮೊಮ್ಮಗಳು ಕೇಳಿದಳು.

“ಬೇಡ” ಎಂದರು ಮೂವರೂ.

“ಜಂಗಲ್ ಬುಕ್ ಇಡಮ್ಮ” ಎಂದರು ತಾತನವರು. “ಪ್ಲಾಜಾದಲ್ಲಿ ನೋಡಿದ್ದು.”

“ಬಿ.ಆರ್.ವಿ.” ಎಂದು ಆಟೋದೊಳಗಿನಿಂದ ಕೇಳಿಸಿತು.